ಹಳೇ ಉಬುಂಟುವಿನಲ್ಲಿ ಹೊಸ ಟೆಸೆರಾಕ್ಟ್: ಕಂಪೈಲ್ ಮಾಡುವುದು ಹೇಗೆ?

ರಾಯಚೂರಿನ ಡಿಟಿಪಿ ಅಂಗಡಿಗಳಲ್ಲಿ, ಕಾಲೇಜು ಲೈಬ್ರರಿಗಳಲ್ಲಿ ಉಬುಂಟು 18.04 ಎಂಬ ಹಳೇ ಲಿನಕ್ಸ್ ಇನ್ನೂ ಕಣ್ಣಿಗೆ ಬೀಳುತ್ತದೆ. 2018ರ ಏಪ್ರಿಲ್‌ನಲ್ಲಿ ಬಂದದ್ದು, ಸಾಮಾನ್ಯ ಬೆಂಬಲ 2023ರಲ್ಲೇ ಮುಗಿದಿದೆ. ಆದರೂ ಬಿಡುವ ಹಾಗಿಲ್ಲ. ಎಲ್ಲೋ ಸ್ಕ್ಯಾನರ್‌ನ ಡ್ರೈವರ್ ಹೊಸದರಲ್ಲಿ ಕೂರುವುದಿಲ್ಲ, ಎಲ್ಲೋ ಮಷಿನ್ನೇ 32 ಬಿಟ್‌ನದ್ದು. ಇಂಥ ಎರಡೂ ತೊಂದರೆ ನಿಮಗಿಲ್ಲದಿದ್ದರೆ ಸುಮ್ನೆ ಹೊಸ ಆವೃತ್ತಿ ಹಾಕಿಕೊಳ್ಳಿ, ಈ ಲೇಖನ ನಿಮಗಲ್ಲ.

ಸ್ಕ್ಯಾನ್ ಮಾಡಿದ ಕನ್ನಡ ಪುಟದಿಂದ ಅಕ್ಷರ ತೆಗೆಯಲು ಟೆಸೆರಾಕ್ಟ್ ಬೇಕು ಎಂದು ಬಹಳ ಜನ ಕೇಳುತ್ತಾರೆ. 18.04ರ ಜೊತೆ ಸಿಗುವುದು 4ನೇ ಆವೃತ್ತಿಯ ಬೀಟಾ. 5 ಬಂದದ್ದು 2021ರ ನವೆಂಬರ್‌ನಲ್ಲಿ. ಬೇರೆಯವರು ಕಟ್ಟಿಟ್ಟ ಪಿಪಿಎ (ಉಬುಂಟುವಿನ ಹೊರಗಿನ ಪ್ಯಾಕೇಜ್ ಭಂಡಾರ) ಹುಡುಕಬಹುದು, ಆದರೆ ಹಳೇ ಆವೃತ್ತಿಯನ್ನು ಅವರು ಯಾವಾಗ ಕೈಬಿಡುತ್ತಾರೋ ಹೇಳಲಾಗದು. ಸೋರ್ಸ್ (ಮೂಲ ಕೋಡ್) ತಂದು ಅದೇ ಮಷಿನ್‌ನಲ್ಲಿ ಕಂಪೈಲ್ ಮಾಡುವುದೇ, ಎಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟುವುದೇ ಸರಿ.

ಮೊದಲು ಗಡಿಯಾರ ನೋಡಿ

ತಮಾಷೆ ಅಲ್ಲ. ಹಳೇ ಮಷಿನ್‌ಗಳ ಮದರ್‌ಬೋರ್ಡ್ ಸೆಲ್ ಸತ್ತಿರುತ್ತದೆ. ಆನ್ ಮಾಡಿದಾಗ ತಾರೀಖು ಹತ್ತಾರು ವರ್ಷ ಹಿಂದಿನದು. ಆಗ ಡೌನ್‌ಲೋಡ್ ಮಾಡಲು ಹೋದರೆ ಸರ್ಟಿಫಿಕೇಟ್ ಇನ್ನೂ ಶುರುವಾಗಿಲ್ಲ ಎಂಬ ಎರರ್ ಬರುತ್ತದೆ. ಕೆಲವರು ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಂದ್ ಮಾಡಿ ಮುಂದೆ ಹೋಗುತ್ತಾರೆ. ಮಾಡಬೇಡಿ. ಹಾಗೆ ಹೋದರೂ ಮೇಕ್ (ಕಂಪೈಲ್ ನಡೆಸುವ ಆಜ್ಞೆ) ಶುರುವಾದಾಗ 'ಕ್ಲಾಕ್ ಸ್ಕ್ಯೂ' ಎಂದು ಮತ್ತೆ ತಕರಾರು ಬರುತ್ತದೆ. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ.

ನೆಟ್ ಇಲ್ಲದ ಮಷಿನ್ ಆದರೆ ಸೋರ್ಸ್ ಅನ್ನು ಬೇರೆಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಬಿಚ್ಚಿದ ಫೋಲ್ಡರ್ ಬೇಡ, ಟಾರ್ ಫೈಲನ್ನೇ ತನ್ನಿ. ಫ್ಯಾಟ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಫೈಲುಗಳ ಅನುಮತಿಗಳನ್ನೂ ಲಿಂಕ್‌ಗಳನ್ನೂ ಉಳಿಸುವುದಿಲ್ಲ.

ಲಿಬ್‌ಸಿ ತಂಟೆಗೆ ಹೋಗಬೇಡಿ

ಜನ ಹೆಚ್ಚು ಎಡವುವುದು ಇಲ್ಲಿ. ಯಾರೋ ಉಬುಂಟು 22.04ರಲ್ಲಿ ಕಂಪೈಲ್ ಮಾಡಿದ ಟೆಸೆರಾಕ್ಟ್ ತಂದು ಓಡಿಸುತ್ತಾರೆ. 'ಜಿಲಿಬ್‌ಸಿ 2.34 ಸಿಗಲಿಲ್ಲ' ಎಂದು ಟರ್ಮಿನಲ್ ಹೇಳುತ್ತದೆ. ಜಿಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ, ಚಿಕ್ಕದಾಗಿ ಲಿಬ್‌ಸಿ. ಸಿಗದಿದ್ದರೆ ತಂದು ಹಾಕೋಣ ಅಂತ ಹುಡುಕುತ್ತಾರೆ. ಒಂದೇ ಒಂದು ಎಸ್‌ಒ ಫೈಲನ್ನು ಬಿಡಿಯಾಗಿ ಕೊಡುವ ಸೈಟುಗಳೂ ಇವೆ, 'ಎಲ್ಲ ಕೊರತೆ ಒಂದೇ ಕ್ಲಿಕ್ಕಿನಲ್ಲಿ ಸರಿ' ಎನ್ನುವ ಸ್ಕ್ರಿಪ್ಟ್‌ಗಳೂ ಇವೆ. ಎರಡರ ಹತ್ತಿರವೂ ಸುಳಿಯಬೇಡಿ.

ಜಿಲಿಬ್‌ಸಿ ಮೇಲೆ ನಿಮ್ಮ ಟೆಸೆರಾಕ್ಟ್ ಒಂದೇ ನಿಂತಿಲ್ಲ. ಎಲ್‌ಎಸ್, ಸಿಪಿ, ಸುಡೋ, ಲಾಗಿನ್ ಎಲ್ಲವೂ ಅದರ ಮೇಲೇ ನಿಂತಿವೆ. ಅದಕ್ಕೆ ಜೋಡಿಯಾಗಿ, ಪ್ರೋಗ್ರಾಂ ಓಡುವಾಗ ಲೈಬ್ರರಿಗಳನ್ನು ಜೋಡಿಸುವ ಒಂದು ಲೋಡರ್ ಇರುತ್ತದೆ. ಹೊಸ ಲಿಬ್‌ಸಿ ತಂದು ಹಳೆಯದರ ಮೇಲೆ ಹಾಕಿದರೆ ಲೋಡರ್ ಹಳೆಯದು, ಲಿಬ್‌ಸಿ ಹೊಸದು. ಆ ಕ್ಷಣದಿಂದ ಎಲ್‌ಎಸ್ ಎಂದು ಟೈಪ್ ಮಾಡಿದರೂ ಎರರ್. ಸರಿಮಾಡಲು ಸಿಪಿ ಬೇಕು, ಅದೂ ಓಡುವುದಿಲ್ಲ. ಈಗಾಗಲೇ ಹೀಗೆ ಆಗಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೇ ಫೈಲ್ ವಾಪಸ್ ಹಾಕಬೇಕು.

ನಿಮ್ಮಲ್ಲಿರುವುದು ಯಾವುದು ಎಂದು 'ಎಲ್‌ಡಿಡಿ --ವರ್ಶನ್' ಹೇಳುತ್ತದೆ. 18.04ರಲ್ಲಿ 2.27, 16.04ರಲ್ಲಿ 2.23, 22.04ರಲ್ಲಿ 2.35. ಹಳೆಯ ಲಿಬ್‌ಸಿ ಜೊತೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೂ ಓಡುತ್ತದೆ, ಹೊಸದರ ಜೊತೆ ಕಟ್ಟಿದ್ದು ಹಳೆಯದರ ಮೇಲೆ ಓಡುವುದಿಲ್ಲ. ಇದೇ ಕಾರಣಕ್ಕೆ ಈ ಮಷಿನ್‌ನಲ್ಲೇ ಕಂಪೈಲ್ ಮಾಡುತ್ತಿದ್ದೇವೆ. ಲ್ಯಾಬ್‌ನಲ್ಲಿ ಬೇರೆ ಬೇರೆ ಆವೃತ್ತಿಗಳಿದ್ದರೆ ಎಲ್ಲಕ್ಕಿಂತ ಹಳೆಯದರಲ್ಲಿ ಕಂಪೈಲ್ ಮಾಡಿ.

ಕಂಪೈಲರ್ ಮಾತ್ರ ಹೊಸದು

18.04ರ ಕಂಪೈಲರ್ ಆದ ಜಿಸಿಸಿ 7ನೇ ಆವೃತ್ತಿಯದು. ಟೆಸೆರಾಕ್ಟ್ 5ಕ್ಕೆ ಸಿ++17 (ಸಿ++ ಭಾಷೆಯ 2017ರ ರೂಪ) ಬೇಕು. 7ಕ್ಕೆ ಸಿ++17 ಬಹುಪಾಲು ಬರುತ್ತದೆ, ಆದರೆ 'ಫೈಲ್‌ಸಿಸ್ಟಮ್' ಎಂಬ ಹೆಡರ್ ಅದರಲ್ಲಿಲ್ಲ. ಪ್ರಯೋಗಕ್ಕೆಂದು ಬೇರೆ ಹೆಸರಿನಲ್ಲಿ ಇಟ್ಟದ್ದು ಮಾತ್ರ ಇದೆ. ಹಾಗಾಗಿ ಕಾನ್ಫಿಗರ್ (ಕಂಪೈಲ್‌ಗೆ ಮುನ್ನ ಬೇಕಾದ್ದೆಲ್ಲ ಇದೆಯೇ ಎಂದು ನೋಡುವ ಸ್ಕ್ರಿಪ್ಟ್) ಆರಾಮಾಗಿ ಪಾಸಾಗಿ, ಆ ಹೆಡರ್ ಕೇಳುವ ಕೋಡ್ ಬಂದ ಕೂಡಲೇ ಮೇಕ್ ನಿಂತುಬಿಡುತ್ತದೆ. ಸಾಫ್ಟ್‌ವೇರೇ ಕೆಟ್ಟದ್ದು ಅಂತ ಅಲ್ಲಿಗೇ ಕೈಬಿಟ್ಟವರು ಕಮ್ಮಿ ಇಲ್ಲ.

ಜಿ++-8 (ಜಿಸಿಸಿ 8ರ ಸಿ++ ಕಂಪೈಲರ್) ಉಬುಂಟುವಿನ ಸ್ವಂತ ಭಂಡಾರದಲ್ಲೇ ಇದೆ, ಎಪಿಟಿಯಿಂದ ಹಾಕಿಕೊಳ್ಳಿ. 9 ಅಥವಾ 11 ಹಾಕಿ ಎನ್ನುವವರು ಸಿಗುತ್ತಾರೆ, ಅದಕ್ಕೆ ಹೊರಗಿನ ಪಿಪಿಎ ಬೇಕು. ಅದರಲ್ಲಿ ಕಟ್ಟಿದ್ದನ್ನು ಪಕ್ಕದ ಮಷಿನ್‌ಗೆ ಒಯ್ದರೆ ಈ ಸಲ ಜಿಲಿಬ್‌ಸಿಎಕ್ಸ್‌ಎಕ್ಸ್ (ಸಿ++ ಲೈಬ್ರರಿಯ ಆವೃತ್ತಿ) ಇಲ್ಲ ಎಂಬ ಹೊಸ ಗಲಾಟೆ. 8ರಲ್ಲಿ ಆ ತಾಪತ್ರಯ ಇಲ್ಲ, ಏಕೆಂದರೆ ಅಪ್‌ಡೇಟ್ ಆದ ಎಲ್ಲ 18.04ರಲ್ಲೂ 8ರ ಸಿ++ ಲೈಬ್ರರಿಯೇ ಇರುತ್ತದೆ. ಒಂದೇ ಕೊಸರು: 8ರಲ್ಲಿ ಫೈಲ್‌ಸಿಸ್ಟಮ್‌ನ ಕೋಡ್ ಬೇರೆ ಲೈಬ್ರರಿಯಲ್ಲಿದೆ, ಲಿಂಕ್ ಮಾಡುವಾಗ '-ಎಲ್‌ಎಸ್‌ಟಿಡಿಸಿ++ಎಫ್‌ಎಸ್' ಎಂದು ಬರೆಯಬೇಕು.

ಮಷಿನ್‌ನ ಡಿಫಾಲ್ಟ್ ಕಂಪೈಲರ್ ಬದಲಿಸಬೇಡಿ. ನಾಳೆ ಯಾವುದೋ ಡ್ರೈವರ್ ಕರ್ನಲ್ ಮಾಡ್ಯೂಲ್ ಕಟ್ಟುವಾಗ ಹಳೆಯದನ್ನೇ ಹುಡುಕುತ್ತದೆ. ಕಾನ್ಫಿಗರ್‌ಗೆ ಮಾತ್ರ ಹೇಳಿದರೆ ಸಾಕು: ಸಿಎಕ್ಸ್‌ಎಕ್ಸ್‌ಗೆ ಜಿ++-8, ಲಿಬ್ಸ್‌ಗೆ ಮೇಲಿನ ಲೈಬ್ರರಿ, ಪ್ರಿಫಿಕ್ಸ್‌ಗೆ (ಇನ್‌ಸ್ಟಾಲ್ ಆಗುವ ಜಾಗ) '/ಆಪ್ಟ್/ಟೆಸೆರಾಕ್ಟ್5'.

ಆಟೋಜೆನ್, ಕಾನ್ಫಿಗರ್

ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್, ಆಟೋಕಾನ್ಫ್-ಆರ್ಕೈವ್ ಮತ್ತು ಲೆಪ್ಟೋನಿಕಾದ (ಚಿತ್ರ ಓದುವ ಲೈಬ್ರರಿ) '-ಡೆವ್' ಪ್ಯಾಕೇಜ್ ಹಾಕಿಕೊಂಡು ಆಟೋಜೆನ್ ಓಡಿಸಿ, ಆಮೇಲೆ ಕಾನ್ಫಿಗರ್. ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದಿರಬೇಕು, 18.04ರಲ್ಲಿ 1.75 ಇದೆ. ಇದ್ದೂ ಕಾನ್ಫಿಗರ್ 'ಬೇಕು' ಎಂದರೆ ಡೆವ್ ಪ್ಯಾಕೇಜ್ ಬಿಟ್ಟಿದ್ದೀರಿ. ಲೆಪ್ಟೋನಿಕಾವನ್ನೂ ನೀವೇ ಕಟ್ಟಿದ್ದರೆ ಅದರ ಜಾಗವನ್ನು ಪಿಕೆಜಿ-ಕಾನ್ಫಿಗ್‌ಗೆ ತೋರಿಸಿಲ್ಲ.

ಎರರ್ ಬಂದಾಗ ಎಲ್ಲರೂ ಕೊನೆಯ ಸಾಲಿನ ಫೋಟೋ ಕಳಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬರಲಿಲ್ಲ ಅಂದರೆ ಮೇಲೆ ಎಲ್ಲಿ ನಿಂತಿತು ಅಂತ ನೋಡುತ್ತೀವಲ್ಲ, ಹಾಗೆ ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿ. ಕಾನ್ಫಿಗರ್‌ನ ಪೂರ್ತಿ ಕಥೆ 'ಕಾನ್ಫಿಗ್ ಡಾಟ್ ಲಾಗ್' ಫೈಲಿನಲ್ಲಿರುತ್ತದೆ.

ಮೇಕ್

ಬೇಗ ಮುಗಿಯಲಿ ಎಂದು '-ಜೆ4' ಕೊಡುವುದು ಹಲವರಿಗೆ ಅಭ್ಯಾಸ. 2 ಜಿಬಿ ರ‍್ಯಾಮ್‌ನಲ್ಲಿ ನಾಲ್ಕು ಕಂಪೈಲ್ ಒಟ್ಟಿಗೆ ನಡೆದರೆ ಮೆಮೊರಿ ತುಂಬಿ ಕರ್ನಲ್ಲೇ ಒಂದನ್ನು ಕೊಲ್ಲುತ್ತದೆ. ಪರದೆಯಲ್ಲಿ ಕಾಣುವುದು 'ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್'. ಕಂಪೈಲರ್‌ದು ತಪ್ಪಿಲ್ಲ. ಜೆ ಬಿಟ್ಟು ಬರೀ ಮೇಕ್ ಕೊಡಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದೆಯೇ ನೋಡಿಕೊಳ್ಳಿ. ಮೇ ತಿಂಗಳ ನಮ್ಮ ಬಿಸಿಲಿಗೆ ಧೂಳು ತುಂಬಿದ ಫ್ಯಾನ್ ಇದ್ದರೆ ಅದೂ ಇನ್ನಷ್ಟು ನಿಧಾನ, ಬೆಳಗಿನ ಜಾವ ಶುರು ಮಾಡಿ.

ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ಸ್ಥಾವರ ಇಟ್ಟುಕೊಂಡರೂ ಕರೆಂಟ್ ಹೋಗುವುದು ಹೋಗುತ್ತದೆ. ವಾಪಸ್ ಬಂದ ಮೇಲೆ ಮೇಕ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಮೊದಲಿನಿಂದ ಮಾಡಬೇಕಿಲ್ಲ. ಆದರೆ ಕರೆಂಟ್ ಹೋದಾಗ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಣುಕು) ಖಾಲಿ ಉಳಿದಿರಬಹುದು. ಫೈಲ್ ಇದೆ, ತಾರೀಖೂ ಹೊಸದು, ಹಾಗಾಗಿ ಮೇಕ್ ಅದನ್ನು ಮುಗಿದದ್ದೆಂದು ಬಿಟ್ಟುಬಿಡುತ್ತದೆ. ಕೊನೆಗೆ ಲಿಂಕ್ ಮಾಡುವಾಗ 'ಫೈಲ್ ಟ್ರಂಕೇಟೆಡ್' ಎನ್ನುತ್ತದೆ. ಸೊನ್ನೆ ಬೈಟ್‌ನ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿ, ಮತ್ತೆ ಮೇಕ್ ಕೊಡಿ.

ಇನ್‌ಸ್ಟಾಲ್

'ಸುಡೋ ಮೇಕ್ ಇನ್‌ಸ್ಟಾಲ್'. ಅಷ್ಟೇ.

ಕನ್ನಡ ತಾನಾಗಿ ಬರುವುದಿಲ್ಲ. 'ಕೆಎಎನ್ ಡಾಟ್ ಟ್ರೇನ್ಡ್‌ಡೇಟಾ' ಫೈಲ್ ಬೇರೆ ಇಳಿಸಿ, ಪ್ರಿಫಿಕ್ಸ್ ಒಳಗಿನ 'ಶೇರ್/ಟೆಸ್‌ಡೇಟಾ'ದಲ್ಲಿ ಇಡಿ. ಬೆಸ್ಟ್, ಫಾಸ್ಟ್ ಎಂದು ಬೇರೆ ಬೇರೆ ಬಗೆ ಇವೆ. ಹಳೇ ಮಷಿನ್‌ಗೆ ಫಾಸ್ಟ್ ತೆಗೆದುಕೊಳ್ಳಿ, ಬೆಸ್ಟ್ ತುಂಬಾ ನಿಧಾನ. ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ನಡುವೆ ಇಂಗ್ಲಿಷ್ ಇದ್ದರೆ ಇಂಗ್ಲಿಷ್ ಡೇಟಾವನ್ನೂ ಇಟ್ಟು, ಭಾಷೆ ಹೇಳುವಲ್ಲಿ ಎರಡನ್ನೂ ಪ್ಲಸ್ ಗುರುತಿನಿಂದ ಸೇರಿಸಿ.

ಕಾನ್ಫಿಗರ್‌ಗೆ ಕೊಟ್ಟ ಸಾಲನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಟಾರ್ ಫೈಲಿನ ಜೊತೆ ಇಡಿ. ಟೆಸೆರಾಕ್ಟ್ ಬೇಡವೆನಿಸಿದ ದಿನ ಆಪ್ಟ್ ಒಳಗಿನ ಆ ಒಂದು ಫೋಲ್ಡರ್ ಅಳಿಸಿದರೆ ಆಯಿತು.