120 ಅಡಿ ಮೆಶ್‌ನಲ್ಲಿ ಒಂದೂವರೆ ಗುಂಟೆ ಹಿತ್ತಿಲು

ನಮ್ಮ ಸಾಗರದ ಕಡೆ ತರಕಾರಿ ಬೆಳೆಯಬೇಕೆಂದರೆ ಮೊದಲು ಬೇಲಿ, ಆಮೇಲೆ ಬೀಜ. ಹಗಲು ದನ, ರಾತ್ರಿ ಹಂದಿ. ಮಂಗನಿಗೆ ಯಾವ ಬೇಲಿಯೂ ಲೆಕ್ಕಕ್ಕಿಲ್ಲ, ಅದು ಬೇರೆ ಮಾತು. ನನ್ನ ಹತ್ತಿರ ಇದ್ದದ್ದು 50 ಅಡಿಯ ಎರಡು ರೋಲ್ ಚೈನ್‌ಲಿಂಕ್ ಮೆಶ್, ಹಳೇ ಬೇಲಿಯಿಂದ ಬಿಚ್ಚಿಟ್ಟ 20 ಅಡಿ ತುಂಡು. ಒಟ್ಟು 120 ಅಡಿ. ಇನ್ನೊಂದು ರೋಲ್ ತಂದರೆ ಕಂಬದ ಖರ್ಚೂ ಅದರ ಬೆನ್ನಿಗೇ ಬರುತ್ತದೆ. ಇದ್ದದ್ದರಲ್ಲೇ ಹೆಚ್ಚು ಜಾಗ ಹಿಡಿಯೋಣ ಎಂದು ಪೆನ್ನು ಹಿಡಿದು ಕೂತೆ.

ಬಯಲಲ್ಲಿ ನಾಲ್ಕೂ ಕಡೆ ಬೇಲಿ ಹಾಕುವುದಾದರೆ ಉದ್ದ, ಅಗಲ ಎರಡೂ ಸೇರಿ 60 ಅಡಿ. 10ಕ್ಕೆ 50 ಹಿಡಿದರೆ 500 ಚದರ ಅಡಿ, 20ಕ್ಕೆ 40 ಹಿಡಿದರೆ 800, 30ಕ್ಕೆ 30 ಎಂದರೆ 900. ಅದೇ ಗರಿಷ್ಠ. ಮೂವತ್ತರಿಂದ ಒಂದು ಬದಿ ಎಷ್ಟು ಅಡಿ ಸರಿದರೂ, ಅದರ ವರ್ಗದಷ್ಟು ಜಾಗ 900ರಲ್ಲಿ ಕಳೆಯುತ್ತದೆ: ಎರಡು ಅಡಿ ಸರಿದು 28ಕ್ಕೆ 32 ಆದರೆ ಹೋಗುವುದು ನಾಲ್ಕೇ ಚದರ ಅಡಿ, ಹತ್ತು ಅಡಿ ಸರಿದರೆ ನೂರು. ಹಾಗಾಗಿ ಮಧ್ಯೆ ಒಂದು ಹಲಸಿನ ಮರ ಬಂತೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಗೆರೆಯನ್ನು ಎರಡು ಅಡಿ ಸರಿಸಿದರಾಯಿತು. ಗುಂಡಗೆ ಹಾಕಿದರೆ ಸುಮಾರು 1146 ಸಿಗುತ್ತದೆ ನಿಜ, ಆದರೆ ಮೆಶ್ ಬಾಗಿಸಿ ಬಿಗಿಯಲು ಹೆಜ್ಜೆಗೊಂದು ಕಂಬ ನೆಡಬೇಕು.

900 ಎಂದರೆ ಒಂದು ಗುಂಟೆಯೂ ಆಗಲಿಲ್ಲ. ಗುಂಟೆಗೆ 1089 ಚದರ ಅಡಿ. ಆಗ ಕಣ್ಣಿಗೆ ಬಿದ್ದದ್ದು ಕೊಟ್ಟಿಗೆಯ ಹಿಂದಿನ ಗೋಡೆ. 44 ಅಡಿ ಉದ್ದ, ಕಲ್ಲಿನದು, ನಮ್ಮದೇ. ಒಂದು ಬದಿಗೆ ಗೋಡೆಯೇ ಬೇಲಿಯಾದರೆ ಮೆಶ್ ಮೂರೇ ಬದಿಗೆ ಸಾಕು.

ಭಾವ ಬಂದವರು, "ಚೌಕವೇ ಒಳ್ಳೇದಲ್ವನೋ, ಮೂರೂ ಕಡೆ ನಲವತ್ತು ನಲವತ್ತು ಎಳೆದುಬಿಡು" ಎಂದರು. 1600 ಆಗುತ್ತದೆ, ಕೆಟ್ಟದ್ದೇನಲ್ಲ. ಆದರೆ ಗೋಡೆ ಸಿಕ್ಕ ಮೇಲೆ ಚೌಕದ ಲೆಕ್ಕ ನಿಲ್ಲುವುದಿಲ್ಲ. "ಭಾವ, ಅಗಲ ಒಂದು ಅಡಿ ಕಡಿಮೆ ಮಾಡಿ ನೋಡಿ. ಎರಡು ಕಡೆಯಿಂದ ಎರಡು ಅಡಿ ಮೆಶ್ ಉಳೀತು, ಅದನ್ನ ಉದ್ದಕ್ಕೆ ಹಾಕಿದರೆ 39ಕ್ಕೆ 42, ಅಂದರೆ 1638" ಎಂದೆ. ಹೀಗೇ ಮುಂದುವರಿಸಿದರೆ ಉದ್ದ 60, ಅಗಲ 30 ಆಗುವವರೆಗೂ ಜಾಗ ಏರುತ್ತದೆ, 1800 ತಲುಪುತ್ತದೆ. ಅಲ್ಲಿಂದ ಇಳಿಮುಖ. ಗೋಡೆ ಇರಲಿ, ಇಲ್ಲದಿರಲಿ, ಉದ್ದದ ದಿಕ್ಕಿಗೆ ಅರ್ಧ ಮೆಶ್, ಅಡ್ಡ ದಿಕ್ಕಿಗೆ ಅರ್ಧ ಮೆಶ್. ಎರಡು ಗೋಡೆ ಕೂಡುವ ಮೂಲೆ ಸಿಕ್ಕವರಿಗೆ 60ಕ್ಕೆ 60, ಪೂರಾ 3600.

ನನ್ನ ಗೋಡೆ 44ಕ್ಕೇ ಮುಗಿಯುತ್ತದಲ್ಲ. ಅದನ್ನು ದಾಟಿ ಉದ್ದ ಒಂದು ಅಡಿ ಬೆಳೆಸಿದರೆ ಎದುರಿಗೂ ಮೆಶ್, ಗೋಡೆಯ ಸಾಲಿಗೂ ಮೆಶ್. ಲಾಭ ಅಲ್ಲಿಗೇ ನಿಂತಿತು: 45ಕ್ಕೆ 37 ಎಂದರೆ 1665, ಗೋಡೆಯಷ್ಟೇ ಉದ್ದ ಇಟ್ಟು 44ಕ್ಕೆ 38 ಎಂದರೆ 1672. ಗೋಡೆಯುದ್ದಕ್ಕೇ ನಿಲ್ಲಿಸಿದೆ. ಮೇಲೆ ಗೇಟಿನ ಲೆಕ್ಕ ಬಂತು. ನಾಲ್ಕು ಅಡಿ ಗೇಟನ್ನು ಅಡಿಕೆ ಮರ ಸೀಳಿದ ದಬ್ಬೆಯಲ್ಲೇ ಕಟ್ಟಿದ್ದರಿಂದ ಆ ನಾಲ್ಕು ಅಡಿ ಮೆಶ್ ಉಳಿಯಿತು, ಅಗಲ 40 ಆಯಿತು. ಒಟ್ಟು 1760. ಒಂದು ಗೇಟಿನಿಂದ 88 ಚದರ ಅಡಿ!

ನೆಲದ ಮೇಲೆ ಗುರುತು ಹಾಕುವಾಗ ಮೂಲೆ ಓರೆಯಾಗದಂತೆ ನೋಡಿಕೊಳ್ಳಬೇಕು. ಅಳತೆ ಅಷ್ಟೇ ಇದ್ದರೂ ಮೂಲೆ ಓರೆಯಾದರೆ ಒಳಗಿನ ಜಾಗ ಕುಗ್ಗುತ್ತದೆ. ಹಗ್ಗದಲ್ಲಿ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತಿಸಿ, ಅವೆರಡರ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರ. ಕೊನೆಗೆ ಎರಡೂ ಕರ್ಣ ಅಳೆದೆ; 44ಕ್ಕೆ 40ರ ಆಯಕ್ಕೆ 59 ಅಡಿ ಐದೂವರೆ ಇಂಚಿನಷ್ಟು ಬರಬೇಕು. ರೋಲ್‌ಗಳನ್ನು ಒಂದರ ಮೇಲೊಂದು ಹೊದಿಸಿ ಕಟ್ಟುವುದು ದಂಡ. ತುದಿಯ ಒಂದು ತಂತಿಯೆಳೆಯನ್ನು ತಿರುಗಿಸಿ ಬಿಚ್ಚಿ, ಎರಡನ್ನೂ ಸೇರಿಸಿ ಮತ್ತೆ ತಿರುಗಿಸಿದರೆ ಜೋಡಣೆ ಗೊತ್ತೇ ಆಗುವುದಿಲ್ಲ, ಮೆಶ್ ಕೂಡ ಉಳಿಯುತ್ತದೆ.

ಗೋಡೆ ಪುಕ್ಕಟೆಯೇನಲ್ಲ. ಮಳೆಗಾಲದಲ್ಲಿ ಕೊಟ್ಟಿಗೆ ಮಾಡಿನ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತದೆ. ಅಲ್ಲಿ ಸಸಿ ನಿಲ್ಲುವುದಿಲ್ಲ. ಮೂರು ಅಡಿ ಬಿಟ್ಟು ಚರಂಡಿ ತೆಗೆದೆ. 132 ಚದರ ಅಡಿ ಅಲ್ಲಿಗೆ ಹೋಯಿತು, ಉಳಿದದ್ದು 1628, ಹೆಚ್ಚುಕಡಿಮೆ ಒಂದೂವರೆ ಗುಂಟೆ. ಚರಂಡಿಯ ಆಚೆ ದಂಡೆಯಲ್ಲಿ ಬಸಳೆ ಚಪ್ಪರ ಹಾಕಿದೆ. ಗೊಬ್ಬರದ ಗುಂಡಿ ಪಕ್ಕದಲ್ಲೇ ಇರುವುದರಿಂದ ಬುಟ್ಟಿ ಹೊರುವ ಕೆಲಸವೂ ಅರ್ಧವಾಯಿತು.

ಈಗ ಭಾವನಿಗೆ ಅವರ ಮನೆಯಲ್ಲಿ ಅರ್ಧ ತರಕಾರಿಗೆ, ಅರ್ಧ ಕೋಳಿಗೆ ಬೇಕಂತೆ. ಅವರ ಹತ್ತಿರವೂ 120 ಅಡಿ ಮೆಶ್ ಇದೆ, ಗೋಡೆ ಉದ್ದಕ್ಕೆ ಬೇಕಾದಷ್ಟಿದೆ. ನಡುವೆ ಒಂದು ಅಡ್ಡ ಬೇಲಿ ಬಂದರೆ ಅಡ್ಡ ದಿಕ್ಕಿಗೆ ಮೂರು ಸಾಲು. ಅರ್ಧ ಮೆಶ್ ಆ ಮೂರಕ್ಕೆ, ಅಂದರೆ ಇಪ್ಪತ್ತಿಪ್ಪತ್ತು ಅಡಿ. ಉಳಿದ ಅರವತ್ತು ಉದ್ದಕ್ಕೆ. ಒಟ್ಟು 1200, ಕೋಳಿಗೆ 600, ತರಕಾರಿಗೆ 600. "ಆ ನಡುಬೇಲಿಗೆ ಮೆಶ್ ಯಾಕೆ ಭಾವ, ದಬ್ಬೆಯಲ್ಲೇ ಹೆಣೆದರೆ 1800 ಪೂರಾ ಸಿಗ್ತದಲ್ಲ" ಎಂದಿದ್ದೇನೆ. ದಬ್ಬೆ ಸೀಳಿಸಲು ಆಳು ಹುಡುಕುತ್ತಿದ್ದಾರೆ.