ಕೇಳದೇ ಕೇಳೋದು: ಮನೆ ಭೇಟಿಯಲ್ಲಿ ನಾನು ಮಾತಾಡುವ ರೀತಿ

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನಲ್ಲಿ ಆರೋಗ್ಯ ಸಹಾಯಕಿ. ಊರವರು ಸಿಸ್ಟರ್ ಅಂತಾರೆ, ಹೆಣ್ಮಕ್ಕಳು ಅಕ್ಕಾರ ಅಂತಾರೆ. ಬಸುರಿಯರ ಹೆಸರು ಬರೆದುಕೊಳ್ಳೋದು, ಬಾಣಂತಿಯರನ್ನು ನೋಡೋದು, ಮಕ್ಕಳಿಗೆ ಲಸಿಕೆ ಹಾಕೋದು ನನ್ನ ಕೆಲಸ. ಇದರಲ್ಲಿ ಸೂಜಿ ಚುಚ್ಚೋದು ಸುಲಭ, ಕಷ್ಟ ಇರೋದು ಮಾತಿನಲ್ಲಿ. ನಾನು ತಿಳ್ಕೊಳ್ಳಬೇಕಾದ ಎಷ್ಟೋ ವಿಷಯ ನೇರವಾಗಿ ಕೇಳುವಂಥವಲ್ಲ. ತಿಂಗಳು ನಿಂತಿದೆಯಾ, ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಾ, ಇನ್ನೊಂದು ಕೂಸು ಬೇಕಾ ಬೇಡವಾ? ಅತ್ತೆ ಪಕ್ಕದಲ್ಲೇ ಇರುವಾಗ, ಓಣಿಯವರು ಕಟ್ಟೆ ಮೇಲೆ ಕೂತಿರುವಾಗ ಇವನ್ನು ಕೇಳೋದು ಹೇಗೆ?

ಸುತ್ತಿ ಬಳಸಿ ಮಾತಾಡೋದು ಅಂದ್ರೆ ಏನೋ ಮುಚ್ಚಿಡೋದು ಅಂತ ತುಂಬ ಜನ ತಿಳೀತಾರೆ. ನನಗೆ ಯಾವತ್ತೂ ಹಾಗನಿಸಿಲ್ಲ. ಎದುರಿಗಿರೋರು ಮರ್ಯಾದೆ ಕಳ್ಕೊಳ್ಳದೆ ‘ಇಲ್ಲ’ ಅನ್ನೋಕೆ ಒಂದು ದಾರಿ ಬಿಟ್ಟು ಕೇಳೋದು ಅದು. ದಾರಿ ಇದ್ದರೆ ನಿಜ ಹೇಳ್ತಾರೆ. ಇಲ್ಲದಿದ್ದರೆ ‘ಹೂನ್ರಿ’ ಅಂದು ಸುಮ್ನಾಗ್ತಾರೆ.

ಕಬ್ಬಿಣಾಂಶದ ಗುಳಿಗೆಯನ್ನೇ ತಗೊಳ್ಳಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಕುತ್ತು. ‘ಗುಳಿಗಿ ತಗೊಳಾಕತ್ತೀಯೇನು?’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಅದಕ್ಕೇ ನಾನು ಹಾಗೆ ಕೇಳೋದಿಲ್ಲ.

‘ಈ ಗುಳಿಗಿ ಕೆಲವ್ರಿಗೆ ಹೊಂದಂಗಿಲ್ಲವ್ವಾ, ವಾಕರಿಕಿ ಬರ್ತೈತಿ. ನಿನಗ ಹೆಂಗ?’ ಅಂತೀನಿ.

‘ಹೊಟ್ಟಿ ತೊಳಸಿದಂಗ ಆಕ್ಕೈತ್ರಿ ಅಕ್ಕಾರ, ಅದಕ್ಕ...’ ಅಂತ ಆ ಹುಡುಗಿ ಅರ್ಧಕ್ಕೆ ನಿಲ್ಲಿಸ್ತಾಳೆ.

ನನಗೆ ಅಷ್ಟು ಸಾಕು. ಯಾಕೆ ಬಿಟ್ಟೆ ಅಂತ ಕೇಳೋದಿಲ್ಲ. ರಾತ್ರಿ ಊಟ ಆದಮೇಲೆ ತಗೋ, ಚಹಾ ಜೊತೆ ಬೇಡ, ನಿಂಬೆಹಣ್ಣಿನ ನೀರು ಕುಡಿದರೆ ಒಳ್ಳೇದು ಅಂತ ಹೇಳ್ತೀನಿ. ಇನ್ನೊಂದು ಪ್ರಶ್ನೆಯೂ ಇದೆ: ‘ಸಂಡಾಸ ಕಪ್ಪಗ ಹೊಕ್ಕೈತೇನು? ಅಂಜಬ್ಯಾಡ, ಗುಳಿಗಿಗೆ ಹಂಗಾಕ್ಕೈತಿ.’ ನುಂಗುವವಳು ತಕ್ಷಣ ಹೌದು ಅಂತಾಳೆ. ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರೆ ಗುಳಿಗೆ ಇನ್ನೂ ಪೊಟ್ಟಣದಲ್ಲೇ ಇದೆ ಅಂತ ನನ್ನ ಅಂದಾಜು.

ಅತ್ತೆ ಇರುವ ಮನೆಯಲ್ಲಿ ಮೊದಲ ಮಾತು ಅತ್ತೆಯದೇ ಆಗಬೇಕು. ಸೊಸೆ ಒಳಗೆ ರೊಟ್ಟಿ ಬಡೀತಿರ್ತಾಳೆ, ಕಿವಿ ಮಾತ್ರ ನಮ್ಮ ಕಡೆಗೇ ಇರುತ್ತೆ. ನಾನು ಹೊರಗೆ ಕೂತು, ‘ನಿಮ್ಮ ಕಾಲದಾಗ ಹೆಂಗಿತ್ರಿ ದೊಡ್ಡವ್ವ?’ ಅಂತ ಶುರು ಮಾಡ್ತೀನಿ. ದೊಡ್ಡವ್ವ ತನ್ನ ಹೆರಿಗೆಗಳನ್ನು ಹೇಳ್ತಾಳೆ, ಕಳೆ ಕೀಳುವಾಗ ಹೊಲದಲ್ಲೇ ನೋವು ಬಂದದ್ದು, ಉಳಿಯದೇ ಹೋದ ಕೂಸು. ಅವಸರ ಮಾಡಬಾರದು, ಪೂರ್ತಿ ಕೇಳಬೇಕು. ಆಮೇಲೆ ತಾನಾಗೇ, ‘ಈಗಿನ ಹುಡುಗ್ಯಾರ ಮೈಯಾಗ ರಕ್ತನ ಇಲ್ಲ ಬಿಡ್ರಿ’ ಅಂತಾಳೆ. ‘ಅದಕ್ಕ ನೀವ ಒಂದ್ ಕಣ್ಣಿಡ್ರಿ, ನಿಮ್ಮ ಮಾತು ಕೇಳ್ತಾಳ’ ಅಂತೀನಿ. ಅಲ್ಲಿಂದ ಗುಳಿಗೆ ನೆನಪಿಸೋದು ಅತ್ತೆಯ ಕೆಲಸ ಆಗುತ್ತೆ, ಸೊಸೆಗೆ ಬೇಕಾದ ಮಾಹಿತಿಯೂ ಅಷ್ಟರಲ್ಲಿ ಒಳಗೆ ತಲುಪಿರುತ್ತೆ.

ಸುತ್ತಿ ಕೇಳೋದಕ್ಕಿಂತ, ಸುತ್ತಿ ಹೇಳಿದ್ದನ್ನು ತಿಳ್ಕೊಳ್ಳೋದು ಜಾಸ್ತಿ ಕಷ್ಟ. ‘ಮನಿಯವರನ್ನ ಕೇಳಿ ಹೇಳ್ತೀನ್ರಿ’ ಅಂದರೆ ಬೇಡ ಅಂತಲೂ ಇರಬಹುದು, ನನಗೆ ಬೇಕು ಆದರೆ ಇಲ್ಲಿ ಹೇಳೋಕಾಗಲ್ಲ ಅಂತಲೂ ಇರಬಹುದು. ನಮ್ಮ ಕಡೆ ಗಂಡ ಗುಳೇ ಹೋಗಿ ಬೆಂಗಳೂರಲ್ಲೋ ಗೋವಾದಲ್ಲೋ ಇದ್ದರೆ, ನಿಜಕ್ಕೂ ಫೋನಿನಲ್ಲಿ ಕೇಳಬೇಕು ಅಂತಲೂ ಇರಬಹುದು. ನಾನು ಗಮನಿಸೋದು ದಿನವನ್ನು. ‘ಅಮಾಸಿ ಆದಮ್ಯಾಲೆ ಹೇಳ್ತೀನಿ’ ಅಂದರೆ ಮನಸ್ಸಿದೆ. ‘ನೋಡೋಣ್ರಿ’ ಅಂದು ಅಲ್ಲಿಗೇ ಬಿಟ್ಟರೆ ಇಲ್ಲ. ಅತ್ತೆ ಎದುರಿಗೆ ಬೇಡ ಅಂದವಳು ನನ್ನ ಹಿಂದೆ ಬಾಗಿಲ ತನಕ ಬಂದು, ‘ಮತ್ತ ಯಾವಾಗ ಬರ್ತೀರಿ ಅಕ್ಕಾರ?’ ಅಂದರೆ ಒಬ್ಬಳೇ ಸಿಗಬೇಕು ಅಂತ ಅರ್ಥ. ಆಗ ಅತ್ತೆಗೂ ಕೇಳುವ ಹಾಗೆ, ‘ಗುರುವಾರ ತಾಯಿ ಕಾರ್ಡ್ ತಗೊಂಡು ಅಂಗನವಾಡಿಗೆ ಬಾ, ಎಂಟ್ರಿ ಮಾಡೋದೈತಿ’ ಅಂತೀನಿ. ಗುರುವಾರ ಹೇಗೂ ಲಸಿಕೆ ದಿನ. ಕಾರ್ಡಿನಲ್ಲಿ ಬರೆಯೋದೂ ಇರುತ್ತೆ, ಸುಳ್ಳೇನಲ್ಲ. ಅವಳಿಗೆ ಮನೆಯಿಂದ ಹೊರಡೋಕೆ ಒಂದು ನೆವ ಸಿಕ್ಕಿತು, ಅಲ್ವಾ? ಎರಡು ಮಕ್ಕಳ ನಡುವೆ ಅಂತರ ಇಡುವ ಅಂತರಾ ಚುಚ್ಚುಮದ್ದಿನ ಮಾತು ಎಷ್ಟೋ ಸಲ ಶುರುವಾಗಿದ್ದು ಹೀಗೇ. ಮೊಲೆಯುಣಿಸುವ ತಾಯಿಗೆ ಅದನ್ನು ಹೆರಿಗೆಯಾದ ಆರು ವಾರಕ್ಕೆ ಶುರು ಮಾಡಬಹುದು. ಕೂಸಿನ ಲಸಿಕೆಯೂ ಆರು ವಾರಕ್ಕೇ ಇರುತ್ತೆ.

ನನ್ನ ಮಗಳು ಭಾಷಾಶಾಸ್ತ್ರ ಓದಿದವಳು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅನ್ನುವ ಇಬ್ಬರು 1978ರಲ್ಲಿ ಇದರ ಬಗ್ಗೆಯೇ ದೊಡ್ಡದಾಗಿ ಬರೆದಿದ್ದಾರೆ ಅಂತ ಅವಳಿಂದ ಗೊತ್ತಾಯ್ತು. ಅವರು ಆಧಾರ ಮಾಡ್ಕೊಂಡ ಮೂರು ಭಾಷೆಗಳಲ್ಲಿ ನಮ್ಮ ನೆರೆಯ ತಮಿಳೂ ಒಂದಂತೆ. ಮಾತಾಡುವವರ ನಡುವಿನ ದೂರ, ಅಧಿಕಾರ, ಕೇಳುವ ವಿಷಯದ ಭಾರ, ಈ ಮೂರೂ ಹೆಚ್ಚಿದಷ್ಟು ಮಾತು ಬಳಸಿ ಬರುತ್ತೆ, ತುರ್ತು ಇದ್ದಾಗ ಮಾತ್ರ ನೇರವಾಗುತ್ತೆ ಅಂತ ಅವರ ವಿಚಾರ. ಕೇಳಿ ನನಗೆ ಬಹಳ ಖುಷಿಯಾಯ್ತು. ನಮ್ಮ ಓಣಿಯಲ್ಲಿ ದಿನಾ ನೋಡೋದು ಇದನ್ನೇ.

ತುರ್ತಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ರಕ್ತ ಹೋಗೋದು, ಫಿಟ್ಸು, ಮುಖ ಕೈ ಬಾವು, ಕಣ್ಣು ಮಂಜಾಗೋದು, ಕೂಸಿನ ಓಡಾಟ ಕಡಿಮೆ ಆಗೋದು, ಇಲ್ಲೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತು ನಡೆಯಲ್ಲ. ತೊಂದರೆ ಏನಂದ್ರೆ, ಮನೆಯವರು ಇದನ್ನೂ ಬಳಸಿಯೇ ಹೇಳ್ತಾರೆ. ಎಂಟು ತಿಂಗಳ ಬಸುರಿಯೊಬ್ಬಳು, ‘ಬಿಸಲಿಗೆ ಸ್ವಲ್ಪ ಕಣ್ಣು ಮಂಜ ಆಗ್ಯಾವ್ರಿ’ ಅಂದಳು, ನಕ್ಕಳು. ಬಿಪಿ 140/90 ದಾಟಿದರೇ ನಾವು ಎಚ್ಚರ ಆಗ್ಬೇಕು. ಅವಳದ್ದು ಅದಕ್ಕಿಂತ ತುಂಬ ಮೇಲಿತ್ತು. ಅತ್ತೆ ನಾಳೆ ಅಂದಳು, ಮಾವ ಶುಕ್ರವಾರ ಅಂದ. ನಾನು ಎದ್ದು ನಿಂತು, ‘ಇವತ್ತು. ಈಗ. ತಡ ಮಾಡಿದ್ರ ತಾಯಿ, ಕೂಸು ಇಬ್ರೂ ಹೋಗಬಹುದು’ ಅಂದು 108ಕ್ಕೆ ಫೋನ್ ಹಚ್ಚಿದೆ. ಯಾರೂ ಎದುರು ಮಾತಾಡಲಿಲ್ಲ. ದಿನಾ ಮೆತ್ತಗೆ ಮಾತಾಡುವವಳು ಅಂತ ಗೊತ್ತಿದ್ದದ್ದಕ್ಕೇ ಆ ಮಾತಿಗೆ ಅಷ್ಟು ತೂಕ ಬಂತು ಅನ್ನೋದು ನನ್ನ ನಂಬಿಕೆ. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ.

ಅಂಥ ಮನೆಗೆ ಮತ್ತೆ ಬೇಗ ಹೋಗಬೇಕು. ನಾನು ಹೋದೆ, ಕೊಟ್ಟ ಚಹಾ ಕುಡಿದೆ, ಅವತ್ತಿನ ಮಾತು ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ. ನಾನು ಹೊರಟಾಗ, ‘ಆ ಮೂಲಿ ಮನಿ ಸೊಸಿಗೆ ನಾಕ್ ದಿನದಿಂದ ಬಾಯಿ ಕೆಟ್ಟೈತಂತ್ರಿ, ಹುಣಸಿಕಾಯಿ ಕೇಳಾಕತ್ತಾಳ’ ಅಂದಳು. ನಾನು ಆಶಾ ಕಾರ್ಯಕರ್ತೆಗೆ ಬಸುರು ಪರೀಕ್ಷೆ ಮಾಡುವ ನಿಶ್ಚಯ್ ಕಿಟ್ ತರೋಕೆ ಹೇಳಿ ಆ ಮನೆ ಕಡೆ ನಡೆದೆ.