ಮಲ್ಪೆಯ ಏಲಂ ಲೆಕ್ಕಕ್ಕೆ ನಾನು ಬ್ಯಾಕಪ್ ಕಟ್ಟಿದ ಬಗೆ

ಮಲ್ಪೆ ಬಂದರಿನ ಹತ್ತಿರ ಮೀನು ಕಮಿಷನ್ ಏಜೆಂಟರೊಬ್ಬರ ಆಫೀಸಿದೆ. ಅವರ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಬೆಳಗ್ಗೆ ಏಲಂ ಶುರುವಾದರೆ ಯಾರಿಗೂ ಪುರುಸೊತ್ತಿಲ್ಲ. ಯಾವ ಬೋಟಿನಿಂದ ಎಷ್ಟು ಬಂಗುಡೆ ಬಂತು, ಯಾರು ಯಾವ ದರಕ್ಕೆ ಹಿಡಿದರು, ಮುಂಗಡ ಎಷ್ಟು ಕಳೆಯಬೇಕು, ಎಲ್ಲವೂ ಎರಡು ಮೂರು ಗಂಟೆಯಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಒಳಗಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್.

ಶುರುವಿಗೆ ನನ್ನ ಬ್ಯಾಕಪ್ ಅಂದರೆ ಸಂಜೆ ಡೇಟಾ ಫೋಲ್ಡರನ್ನು ಹಾಗೇ ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಸರ್ವರ್ ಓಡುತ್ತಲೇ ಇರುತ್ತಿತ್ತು. ಒಂದು ಮೇ ತಿಂಗಳ ಸಂಜೆ ಸಿಡಿಲು ಬಡಿದು ಯುಪಿಎಸ್ ಸಮೇತ ಕಂಪ್ಯೂಟರ್ ಸುಟ್ಟುಹೋಯಿತು. ಹೊಸ ಯಂತ್ರಕ್ಕೆ ಆ ಫೋಲ್ಡರ್ ಹಾಕಿದರೆ ಡೇಟಾಬೇಸ್ ಏಳಲೇ ಇಲ್ಲ. ಏಳುವುದಾದರೂ ಹೇಗೆ? ಓಡುವ ಡೇಟಾಬೇಸಿನ ಬದಲಾವಣೆ ಕೆಲವು ಮೆಮೊರಿಯಲ್ಲಿರುತ್ತವೆ, ಕೆಲವು ಬದಲಾವಣೆ ಬರೆದಿಡುವ ಲಾಗ್‌ನಲ್ಲಿ, ಕೆಲವು ಡೇಟಾ ಫೈಲಿನಲ್ಲಿ. ಕಾಪಿ ಮುಗಿಯುವ ಹೊತ್ತಿಗೆ ಮೊದಲ ಫೈಲು ಹತ್ತು ನಿಮಿಷ ಹಿಂದಿನದು, ಕೊನೆಯದು ಈಗಿನದು. ಒಂದಕ್ಕೊಂದು ತಾಳೆಯಾಗುವುದಿಲ್ಲ. ಸರ್ವರ್ ನಿಲ್ಲಿಸಿ ತೆಗೆದಿದ್ದ ಒಂದೇ ಒಂದು ಕಾಪಿ ಇತ್ತು, ಅದು 19 ದಿನ ಹಳೆಯದು. ಉಳಿದದ್ದನ್ನು ಚೀಟಿ ನೋಡಿ ನೋಡಿ ಮತ್ತೆ ಹೊಡೆದೆವು. ಎಣ್ಣೆ ಹಿಡಿದು, ನೀರು ಬಿದ್ದು ಓದಲಾಗದ ಚೀಟಿಗಳೇ ಜಾಸ್ತಿ. ಆ ಬೋಟಿನವರ ಮುಖ ನೋಡುವುದು ಕಷ್ಟವಾಯಿತು.

ಆಮೇಲೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಡಂಪ್ ಎಂಬ ಬ್ಯಾಕಪ್ ಪ್ರೋಗ್ರಾಮಿಗೆ ಬಂದೆ. ಅದು ಒಂದು ಕ್ಷಣದ ಚಿತ್ರವನ್ನು ಹಿಡಿದು ಅದನ್ನೇ ಕೊನೆಯವರೆಗೆ ಬರೆಯುತ್ತದೆ. ನಡುವೆ ಯಾರು ಎಂಟ್ರಿ ಮಾಡಿದರೂ ತೊಂದರೆಯಿಲ್ಲ. ರಾತ್ರಿ 2 ಗಂಟೆಗೆ ತಾನಾಗಿ ಓಡುವಂತೆ ಇಟ್ಟೆ. ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಾಗಲೇ ಗೊತ್ತಾಯಿತು, ಯೂಸರ್‌ಗಳ ಹೆಸರು ಮತ್ತು ಪಾಸ್‌ವರ್ಡ್ ಅದರಲ್ಲಿ ಬರುವುದಿಲ್ಲ. ಅದಕ್ಕೆ ಪಿಜಿ ಡಂಪ್‌ಆಲ್ ಬೇರೆಯೇ ಓಡಿಸಬೇಕು. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಡೇಟಾ ಅಳಿಸಿಹೋದದ್ದನ್ನು ಓದಿದ ಮೇಲೆ ದಿನವೂ ಫೈಲಿನ ಗಾತ್ರ ನೋಡುವ ಅಭ್ಯಾಸವೂ ಬಂತು. ಅಲ್ಲಿ ಡಂಪ್ ಪ್ರೋಗ್ರಾಮಿನ ವರ್ಶನ್ 9.2, ಡೇಟಾಬೇಸಿನದು 9.6. ಡಂಪ್ ಸುಮ್ನೆ ಫೇಲಾಗುತ್ತಿತ್ತು, ಎಚ್ಚರಿಕೆಯ ಇಮೇಲ್ ಯಾರಿಗೂ ತಲುಪುತ್ತಿರಲಿಲ್ಲ.

ಡಂಪ್ ಸಾಕು ಅಂದುಕೊಂಡಿದ್ದೆ. ಒಂದು ದಿನ ಬೆಳಗ್ಗೆ 9.40ಕ್ಕೆ ಒಬ್ಬ ವ್ಯಾಪಾರಿಯ ಬಾಕಿ ತಿದ್ದಲು ಹೋಗಿ, ಅಪ್‌ಡೇಟ್ ಆಜ್ಞೆಯಲ್ಲಿ ಯಾರ ಬಾಕಿ ಎಂಬ ಷರತ್ತು ಬರೆಯದೆ ಎಂಟರ್ ಒತ್ತಿದೆ. ಎಲ್ಲ ವ್ಯಾಪಾರಿಗಳ ಬಾಕಿಯೂ ಒಂದೇ ಆಯಿತು. ಡಂಪ್ ಇದ್ದದ್ದು ರಾತ್ರಿ 2 ಗಂಟೆಯದು. ಅದನ್ನು ಹಾಕಿದರೆ ಬೆಳಗಿನ ಏಲಂ ಪೂರ್ತಿ ಹೋಗುತ್ತದೆ, ಅಲ್ವಾ? ಅವತ್ತು ಸಂಜೆಯವರೆಗೆ ಕೂತು ಕೈಯಲ್ಲೇ ಸರಿಮಾಡಿದೆ.

ಆ ರಾತ್ರಿ ಮಾಲೀಕರನ್ನು ಎರಡು ಪ್ರಶ್ನೆ ಕೇಳಿದೆ. ಎಷ್ಟು ಹೊತ್ತಿನ ಲೆಕ್ಕ ಹೋದರೆ ತಡೆದುಕೊಳ್ತೀರಿ? "ಐದು ನಿಮಿಷ. ಅಷ್ಟರ ಚೀಟಿ ಕೈಯಲ್ಲೇ ಇರುತ್ತದೆ." ಸರಿಯಾಗಲು ಎಷ್ಟು ಹೊತ್ತು ಕಾಯ್ತೀರಿ? "ನಾಳೆ ಏಲಂ ಒಳಗೆ ಆಗಬೇಕು." ಯಾವ ಬ್ಯಾಕಪ್ ಬೇಕು ಅನ್ನುವುದು ಅಲ್ಲೇ ತೀರ್ಮಾನವಾಯಿತು. ಮೊದಲ ದಿನವೇ ಇದನ್ನು ಕೇಳಬೇಕಿತ್ತು. ಎರಡನೇ ಸರ್ವರಿಗೆ ಲೈವ್ ಕಾಪಿ ಮಾಡಿ ಎಂದು ಗೆಳೆಯರು ಹೇಳಿದ್ದರು. ನನ್ನ ತಪ್ಪು ಆಜ್ಞೆ ಅಲ್ಲಿಗೂ ಅದೇ ಕ್ಷಣದಲ್ಲಿ ಹೋಗುತ್ತಿತ್ತು, ಹಾಗಾಗಿ ಬೇಡವೆಂದೆ.

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗಿಗೆ ಬರೆಯುತ್ತದೆ. ಹಳೆಯ ಬ್ಯಾಕಪ್ ಮೇಲೆ ಆ ಲಾಗನ್ನು ಮತ್ತೆ ಓಡಿಸಿದರೆ ಬೇಕಾದ ನಿಮಿಷಕ್ಕೆ ಮರಳಬಹುದು. ಒಂದೊಂದು ಫೈಲು 16 ಎಂಬಿ. ಭಾನುವಾರ ಇಡೀ ಡೇಟಾಬೇಸಿನ ಬೇಸ್ ಬ್ಯಾಕಪ್ ತೆಗೆಯುತ್ತೇನೆ. ಆಮೇಲಿನ ವಾಲ್ ಫೈಲುಗಳು ಒಂದೊಂದಾಗಿ ಉಡುಪಿಯ ನನ್ನ ಮನೆಯ ಯಂತ್ರಕ್ಕೆ ಬರುತ್ತವೆ. ಬಂದರಿನ ಉಪ್ಪುಗಾಳಿಗೆ ಯುಎಸ್‌ಬಿ ಪೋರ್ಟೇ ತುಕ್ಕು ಹಿಡಿಯುತ್ತದೆ, ಬ್ಯಾಕಪ್ ಅಲ್ಲಿಡುವ ಧೈರ್ಯ ನನಗಿಲ್ಲ. ಫೈಲು ತುಂಬದಿದ್ದರೂ 300 ಸೆಕೆಂಡಿಗೆ ಕಳಿಸು ಎಂದು ಆರ್ಕೈವ್ ಟೈಮ್‌ಔಟ್ ಇಟ್ಟಿದ್ದೇನೆ. ಮಾಲೀಕರು ಹೇಳಿದ ಐದು ನಿಮಿಷ ಅದೇ. ಒಂದು ವಿಷಯ ಗಮನದಲ್ಲಿರಲಿ. ಕಳಿಸುವುದು ನಿಂತರೆ ವಾಲ್ ಫೈಲುಗಳು ಸರ್ವರಿನಲ್ಲೇ ರಾಶಿ ಬೀಳುತ್ತವೆ. ಡಿಸ್ಕ್ ತುಂಬಿದರೆ ಡೇಟಾಬೇಸೇ ನಿಲ್ಲುತ್ತದೆ. ಮಳೆಗೆ ಇಂಟರ್ನೆಟ್ ಎರಡು ದಿನ ಹೋದಾಗ ಹತ್ತಿರ ಹತ್ತಿರ ಹಾಗೇ ಆಗಿತ್ತು. ಈಗ ಡಿಸ್ಕ್ ಅರ್ಧ ತುಂಬಿದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ.

ರಾತ್ರಿಯ ಡಂಪನ್ನು ಬಿಟ್ಟಿಲ್ಲ. ಹೊಸ ವರ್ಶನಿಗೆ ಹೋಗುವಾಗ, ಒಂದೇ ಟೇಬಲ್ ಬೇಕಾದಾಗ ಅದೇ ಸುಲಭ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಆಫೀಸಿನಲ್ಲಿ ಬಾಕಿ ವಸೂಲಿಯ ಎಂಟ್ರಿ ಮಾತ್ರ. ನಾನು ಪ್ರತಿವರ್ಷ ಆಗ ಬ್ಯಾಕಪ್‌ನಿಂದ ಡೇಟಾಬೇಸನ್ನು ಹಳೇ ಲ್ಯಾಪ್‌ಟಾಪಿನಲ್ಲಿ ಪೂರ್ತಿ ವಾಪಸ್ ತರುತ್ತೇನೆ. ಬೇಸ್ ಬ್ಯಾಕಪ್ ಹಾಕಿ, ಯಾವ ಗಂಟೆ ನಿಮಿಷಕ್ಕೆ ನಿಲ್ಲಬೇಕು ಎಂದು ಕೊಟ್ಟರೆ ವಾಲ್ ಅಲ್ಲಿಯವರೆಗೆ ಓಡಿ ನಿಲ್ಲುತ್ತದೆ. ಮೊದಲ ವರ್ಷ ಮೂರು ಗಂಟೆ ಹಿಡಿಯಿತು. ಎರಡನೇ ವರ್ಷ ಕೆಲಸ ನಡುವೆಯೇ ನಿಂತಿತು, ಒಂದು ವಾಲ್ ಫೈಲು ಇರಲಿಲ್ಲ. ಏಳು ದಿನ ದಾಟಿದ ಫೈಲನ್ನೆಲ್ಲ ಅಳಿಸು ಎಂದು ನಾನೇ ಬರೆದಿದ್ದೆ. ಹಿಂದಿನ ಭಾನುವಾರ ಕರೆಂಟ್ ಹೋಗಿ ಬೇಸ್ ಬ್ಯಾಕಪ್ ಆಗಿರಲಿಲ್ಲ, ಕೈಯಲ್ಲಿದ್ದದ್ದು ಒಂಬತ್ತು ದಿನ ಹಳೆಯದು. ನಡುವಿನ ಎರಡು ದಿನದ ಲಾಗ್ ಅಳಿಸಿಹೋಗಿತ್ತು. ಈಗ ದಿನ ಎಣಿಸಿ ಅಳಿಸುವುದಿಲ್ಲ. ಕೈಯಲ್ಲಿರುವ ಅತಿ ಹಳೆಯ ಬೇಸ್ ಬ್ಯಾಕಪ್ ಯಾವ ಫೈಲಿನಿಂದ ಶುರುವೋ ಅದಕ್ಕಿಂತ ಹಿಂದಿನದನ್ನು ಮಾತ್ರ ತೆಗೆಯುತ್ತೇನೆ. ಆಗಸ್ಟ್ 1ಕ್ಕೆ ಬೋಟುಗಳು ಹೊರಡುವ ಮೊದಲು ಇನ್ನೊಮ್ಮೆ ವಾಪಸ್ ತಂದು ನೋಡಿದೆ. 50 ನಿಮಿಷದಲ್ಲಿ ಕೊನೆಯ ಚೀಟಿಯವರೆಗೂ ಬಂತು.